ಟಿಕೆಟ್ ಕೊಂಡು ಬಂದವನ ಅಪರಾಧ

ವಿದೇಶಿಯರ ನೋಂದಣಿ ಅಧಿಕಾರಿಗಳಿಗೆ, ದೊಡ್ಡಗಾಜನೂರಿನ ಒಬ್ಬ ಹೆಂಗಸಿನ ಬಹಿರಂಗ ಪತ್ರ

ಮಾನ್ಯರೇ,

ನನ್ನ ಗಂಡ ಬರುವ ಜೂನ್ ಹದಿನೈದರೊಳಗೆ ಈ ದೇಶ ಬಿಟ್ಟು ಹೋಗಬೇಕೆಂದು ತಾವು ಆಜ್ಞೆ ಮಾಡಿದ್ದೀರಿ. ಅವರನ್ನು ಕಳಿಸಕೂಡದು, ಇಲ್ಲೇ ಬಾಳಲು ಪರವಾನಗಿ ಕೊಡಬೇಕು ಎಂದು ಕೇಳುವುದಕ್ಕೆ ಈ ಪತ್ರ. ಇದೇ ಮಾತನ್ನು ನಾಲ್ಕು ವರ್ಷದಲ್ಲಿ ಒಂಬತ್ತು ಸಲ ತಮಿಳಿನಲ್ಲಿ ಬರೆದು ತಮ್ಮ ಕಚೇರಿಗೆ ಕೊಟ್ಟಿದ್ದೇನೆ. ಉತ್ತರ ಬರಲಿಲ್ಲ. ತಮಿಳು ನನ್ನ ಮನೆಮಾತಲ್ಲ, ನನ್ನ ಬರಹ ತಮಗೆ ಅರ್ಥವಾಗಲಿಲ್ಲವೇನೋ ಎಂದು ಮೊದಮೊದಲು ನನ್ನನ್ನೇ ಬೈದುಕೊಂಡೆ. ಅರ್ಥವಾಗಬೇಕಾದರೆ ಮೊದಲು ಓದಬೇಕು ಎನ್ನುವುದು ಆಮೇಲೆ ಹೊಳೆಯಿತು. ಆದ್ದರಿಂದ ಈ ಸಲ ಕನ್ನಡದಲ್ಲಿ, ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಾವು ಓದದಿದ್ದರೂ ಓದುವವರು ಕೆಲವರಾದರೂ ಇರುತ್ತಾರೆ. ಅವರಲ್ಲಿ ಯಾರಾದರೂ ಎದುರಿಗೆ ಸಿಕ್ಕಾಗ "ಏನ್ ಸಾರ್, ನಿಮಗೆ ಯಾರೋ ಕಾಗದ ಬರೆದಿದ್ದಾರಂತೆ" ಎಂದು ಕೇಳಿದರೆ ತಮಗೆ ಮುಜುಗರವಾಗುತ್ತದೆ. ಅಷ್ಟಾದರೂ ಆಗಲಿ.

ನಾನು ಯಾರೆಂದು ಹೇಳಿಬಿಡುತ್ತೇನೆ. ತಮ್ಮ ಕಚೇರಿಯಲ್ಲಿ ನನ್ನನ್ನು "ಆ ಸಿಲೋನ್ ಕೇಸಿನ ಹೆಂಗಸು" ಎನ್ನುತ್ತಾರೆ. ಊರಿನಲ್ಲಿ ನಾನು ಮಹದೇವಪ್ಪನವರ ಮಗಳು ಚನ್ನಮಲ್ಲಮ್ಮ. ನಮ್ಮದು ತಮಿಳು ಸೀಮೆಗೆ ಸೇರಿದ ತಾಳವಾಡಿ ಬೆಟ್ಟದ ಮೇಲೆ ನಾಲ್ಕೆಕರೆ ರಾಗಿ ಹೊಲ, ಎರಡೆಕರೆ ಬಾವಿ ಜಮೀನು. ಚಾಮರಾಜನಗರದಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿ ಬಂದೆ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆದರೆ ನಡುವೆ ರಾಜ್ಯದ ಗಡಿ ಇದ್ದದ್ದರಿಂದ ಆ ಕಡೆಯ ಸರ್ಟಿಫಿಕೇಟು ಈ ಕಡೆ ನಡೆಯುವುದಿಲ್ಲವೆಂದರು. ಅಷ್ಟರಲ್ಲಿ ಅಪ್ಪನಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋದವು. ಅವ್ವ ಮೊದಲೇ ತೀರಿಕೊಂಡಿದ್ದಳು. ಹೊಲ ನಾನೇ ನೋಡಿಕೊಂಡೆ. ಹಾಗೆ ನೋಡಿಕೊಳ್ಳುತ್ತಲೇ ನನಗೆ ಇಪ್ಪತ್ತೊಂಬತ್ತಾಯಿತು. ನನ್ನ ಮದುವೆಯ ಚಿಂತೆಯನ್ನು ಊರಿನವರೇ ಪೂರಾ ಹಂಚಿಕೊಂಡುಬಿಟ್ಟಿದ್ದರು, ನನಗೆಂದು ಏನೂ ಉಳಿಸಿರಲಿಲ್ಲ.

ಇನ್ನು ತಾವು ಹೊರಗಟ್ಟಬೇಕೆಂದಿರುವ ಮನುಷ್ಯನ ವಿಷಯ. ಹೆಸರು ಮುತ್ತುಕರುಪ್ಪನ್. ಇವರ ಅಜ್ಜ ತಿರುಚ್ಚಿ ಕಡೆಯಿಂದ ಸಿಲೋನಿನ ಬದುಳ್ಳಕ್ಕೆ ಹೋಗಿ ಚಹಾ ತೋಟದ ಕೂಲಿಯಾದರು. ಅಪ್ಪನೂ ಅಲ್ಲೇ ಕೂಲಿ. ಇವರು ಚಹಾ ಕಾರ್ಖಾನೆಯಲ್ಲಿ ಫಿಟ್ಟರ್. ಆ ತೋಟಗಳ ಜನ ಯಾರಿಗೆ ಸೇರಿದವರು ಎಂದು ಎರಡು ಸರ್ಕಾರಗಳು ಕೂತು ಒಪ್ಪಂದ ಮಾಡಿಕೊಂಡಾಗ, ಯಾರಿಗೆ ಯಾವ ದೇಶ ಬೇಕು ಎಂದು ಮನೆಮನೆಗೂ ಫಾರಂ ಬಂತಂತೆ. ಇವರ ಅಕ್ಕ ಮಂಗಳಮ್ಮನ ಗಂಡ ಭಾರತ ಎಂದು ಬರೆದ. ಇವರ ಅಪ್ಪ, ನನ್ನ ಹೆಂಡತಿ ನೆಟ್ಟ ನುಗ್ಗೆಮರ ಇಲ್ಲಿದೆ, ಇದನ್ನು ಬಿಟ್ಟು ಎಲ್ಲಿಗೆ ಹೋಗಲಿ ಎಂದು ಸಿಲೋನ್ ಎಂದು ಬರೆಸಿದರು. ಒಂದೇ ಹಜಾರದಲ್ಲಿ ಕೂತು, ಒಂದೇ ಪೆನ್ನಿನಲ್ಲಿ ಬರೆದು, ಅಕ್ಕ ತಮ್ಮ ಎರಡು ದೇಶದ ಪ್ರಜೆಗಳಾದರು. ಅಕ್ಕನ ಸಂಸಾರ ಸತ್ಯಮಂಗಲದ ಹತ್ತಿರ ಒಂದು ನೂಲಿನ ಗಿರಣಿಯ ಕೆಲಸಕ್ಕೆ ಬಂದು ಸೇರಿತು.

ಎಪ್ಪತ್ತೇಳನೆಯ ಇಸವಿ ಜನವರಿಯಲ್ಲಿ, ಮಗಳನ್ನು ಒಂದು ಸಲ ನೋಡಬೇಕೆಂದು ಹಟ ಹಿಡಿದ ತಾಯಿಯನ್ನು ಕರೆದುಕೊಂಡು ಇವರು ಬಂದರು. ಪಾಸ್‌ಪೋರ್ಟ್ ಮಾಡಿಸಿದ್ದರು. ಮೂರು ತಿಂಗಳ ವೀಸಾ ಹಾಕಿಸಿದ್ದರು. ಹಡಗಿಗೆ ಟಿಕೆಟ್ ಕೊಂಡು ರಾಮೇಶ್ವರಕ್ಕೆ ಬಂದು ಇಳಿದರು. ಬಂದ ಇಪ್ಪತ್ತನೆಯ ದಿನ ಆ ತಾಯಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅಲುಗಾಡಿಸಬೇಡಿ ಎಂದರು ಡಾಕ್ಟರು. ವೀಸಾ ಮುಗಿಯಲು ಇನ್ನೂ ಹನ್ನೊಂದು ದಿನ ಇರುವಾಗಲೇ ಇವರು ಹೋಗಿ, ಅವಧಿ ವಿಸ್ತರಿಸಿ ಎಂದು ಅರ್ಜಿ ಕೊಟ್ಟರು. ಕಚೇರಿಯವರು ಒಂದು ಚೀಟಿಗೆ ದುಂಡನೆಯ ಮುದ್ರೆ ಒತ್ತಿ ಕೊಟ್ಟರು: "ಅರ್ಜಿ ಸ್ವೀಕರಿಸಲಾಗಿದೆ. ಉತ್ತರ ಅಂಚೆಯಲ್ಲಿ ಬರುವುದು. ಅಲ್ಲಿಯವರೆಗೆ ಕಾಯತಕ್ಕದ್ದು."

ಇವರು ಕಾದರು. ಮಾನ್ಯರೇ, ಸರ್ಕಾರದ ಒಂದು ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಇನ್ನೊಬ್ಬ ಮನುಷ್ಯನನ್ನು ತಮ್ಮ ಕಚೇರಿ ಕಂಡಿದೆಯೇ? ಕಾಯತಕ್ಕದ್ದು ಎಂದಿರಿ, ನಾಲ್ಕು ವರ್ಷ ಕಾದರು. ಅದನ್ನೇ ಈಗ ತಾವು ಅಕ್ರಮ ವಾಸ ಎಂದು ಕರೆಯುತ್ತಿದ್ದೀರಿ.

ಕಾಯುವವನಿಗೂ ಹೊಟ್ಟೆ ಇರುತ್ತದಲ್ಲ. ತಾಳವಾಡಿಯ ಒಂದು ಪಂಪ್‌ಸೆಟ್ ಅಂಗಡಿಯವರು, ಎಂಜಿನ್ ಬಲ್ಲವರು ಬೇಕೆಂದು ಇವರನ್ನು ಆಗಾಗ ಬೆಟ್ಟಕ್ಕೆ ಕರೆಸಿಕೊಳ್ಳುತ್ತಿದ್ದರು. ಆ ವರ್ಷ ಆಗಸ್ಟಿನಲ್ಲಿ ನಮ್ಮ ಬಾವಿಯ ಆಯಿಲ್ ಎಂಜಿನ್ ಕೆಟ್ಟು ಕೂತಿತ್ತು. ಮೂರು ಜನ ಮೆಕ್ಯಾನಿಕ್ಕುಗಳು ಬಂದು, ಮೂರು ಥರ ಬೈದು, ಹೋಗಿದ್ದರು. ನಾಲ್ಕನೆಯವರಾಗಿ ಇವರು ಬಂದರು. ಗೋಣಿಚೀಲ ಹಾಸಿಕೊಂಡು ಎಂಜಿನ್ನಿನ ಭಾಗಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಸಾಲಾಗಿ ಇಟ್ಟರು. "ಇದನ್ನೆಲ್ಲ ಮತ್ತೆ ಜೋಡಿಸೋಕೆ ಬರುತ್ತಾ?" ಎಂದು ತಮಿಳಿನಲ್ಲಿ ಕೇಳಿದೆ.

"ಸಾಲು ಕೆಡಿಸದಿದ್ದರೆ ಬರುತ್ತೆ ಅಮ್ಮಾ. ಸ್ವಲ್ಪ ಕಾಲು ಎತ್ತಿ. ಒಂದು ನಟ್ಟಿನ ಮೇಲೆ ನಿಂತಿದ್ದೀರಿ" ಎಂದರು.

ಜಗಲಿಯ ಮೇಲೆ ಮಂಚದಲ್ಲಿ ಮಲಗಿದ್ದ ಅಪ್ಪ ಕೂಗಿದ: "ಯಾರವ್ವಾ ಅವ್ನು?"

"ಸಿಲೋನಿನವ್ರಂತೆ ಕಣಪ್ಪ."

"ರೇಡಿಯಾದಲ್ಲಿ ಬತ್ತದಲ್ಲ, ಆ ಸಿಲೋನಾ?"

"ಊ ಕಣಪ್ಪ, ಅದೇಯ."

"ಅಂಗಾರೆ ಒಂದ್ ಆಡು ಏಳ್ತಾನಾ ಕೇಳು."

ಹಾಡು ಹೇಳಲಿಲ್ಲ. ಸಂಜೆ ಐದು ಗಂಟೆಗೆ ಎಂಜಿನ್ ಶುರುವಾಯಿತು. ಆ ಸದ್ದು ಕೇಳಿ ಅಪ್ಪ ನೆಟ್ಟಗಿದ್ದ ಬಲಗೈಯಿಂದ ಮಂಚದ ಪಟ್ಟಿಗೆ ತಾಳ ಹಾಕುತ್ತ ಅತ್ತುಬಿಟ್ಟ. ಇವರು ಕೈ ಒರೆಸಿಕೊಂಡು ಬಂದು ಅಪ್ಪನ ಪಕ್ಕ ಕೂತು, ಎಲ್ಲಿ ಏನು ಕಟ್ಟಿಕೊಂಡಿತ್ತು ಎಂದು ತಮಿಳಿನಲ್ಲಿ ವಿವರಿಸಿದರು. ಅಪ್ಪ ತನ್ನ ಎಡಗೈ ತೋರಿಸಿ "ಇದ್ರಲ್ಲೂ ಏನೋ ಕಟ್ಕಂಡದೆ, ವಸಿ ನೋಡ್ಲಾ" ಎಂದ. ಅವತ್ತಿನಿಂದ ಇವರು ತಾಳವಾಡಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ಅಪ್ಪನ ಕೈಗೆ ಎಣ್ಣೆ ತಿಕ್ಕಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತಿದ್ದರು. ಆ ಕೈ ಸರಿಹೋಗಲಿಲ್ಲ. ಮನೆ ಸರಿಹೋಯಿತು.

ಮರುವರ್ಷ ಇವರ ತಾಯಿ ತೀರಿಕೊಂಡರು. ಅವರನ್ನು ಸತ್ಯಮಂಗಲದಲ್ಲೇ ಮಣ್ಣು ಮಾಡಿದರು. ಅವರ ವೀಸಾ ಕೂಡ ಮುಗಿದುಹೋಗಿತ್ತು ಎನ್ನುವುದನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ. ಅವರಿಗೂ ಒಂದು ನೋಟೀಸು ಕಳಿಸಬೇಕೆಂದಿದ್ದರೆ ಜಾಗ ನಾನು ತೋರಿಸುತ್ತೇನೆ.

ಎಪ್ಪತ್ತೊಂಬತ್ತರಲ್ಲಿ ನಮ್ಮ ಮದುವೆಯಾಯಿತು. ಸುಲಭಕ್ಕೆ ಆಗಲಿಲ್ಲ. ನಮ್ಮ ಜನವಲ್ಲ, ನಮ್ಮ ಮಾತಲ್ಲ, ಕೊನೆಗೆ ನಮ್ಮ ದೇಶವೂ ಅಲ್ಲ ಎಂದು ಚಿಕ್ಕಪ್ಪ ಮೂರು ದಿನ ನಮ್ಮ ಮನೆಯಲ್ಲೇ ಊಟ ಮಾಡಿಕೊಂಡು ಜಗಳವಾಡಿದರು. ಮೂರನೆಯ ದಿನ ಅಪ್ಪ ಬಾಯಿಬಿಟ್ಟ. "ಯಾವ ದೇಸದವ್ನಾದ್ರೆ ಏನ್ಲಾ? ನಾನು ಬಿದ್ ಮ್ಯಾಲೆ ಈ ಮನೇಲಿ ನನ್ ಮಗ್ಳು ನಕ್ಕಿದ್ದ ನಾ ನೋಡೇ ಇರ್ನಿಲ್ಲ. ಈಗ ಒಲದಿಂದ ಬರೋವಾಗ್ಲೇ ನಗ್ತಾ ಬತ್ತಾವ್ಳೆ. ನೀನು ಉಂಡ್ಬುಟ್ಟು ಊರಿಗೋಗು." ಚಿಕ್ಕಪ್ಪ ಉಂಡು ಊರಿಗೆ ಹೋದರು. ಸ್ವಾಮಿಗಳು ಬಂದು ಮದುವೆ ಮಾಡಿಸಿದರು. ಆಮೇಲೆ ರಿಜಿಸ್ಟರ್ ಕೂಡ ಮಾಡಿಸಿದೆವು. ಆ ಪುಸ್ತಕದಲ್ಲಿ ಇವರ ದೇಶದ ಹೆಸರು ಸ್ಪಷ್ಟವಾಗಿ ಇದೆ. ಬಚ್ಚಿಟ್ಟದ್ದು ಏನೂ ಇಲ್ಲ.

ಎಂಬತ್ತರಲ್ಲಿ ಮಗಳು ಹುಟ್ಟಿದಳು. ಅವ್ವನ ಹೆಸರನ್ನೇ ಇಟ್ಟೆವು, ಚಿಕ್ಕಬಸಮ್ಮ. ಎಂಬತ್ತೊಂದರಲ್ಲಿ ಜನಗಣತಿ ಬಂತು. ಬರೆದುಕೊಳ್ಳಲು ಬಂದವರು ನಮ್ಮೂರಿನ ಮೇಷ್ಟ್ರು ಜಡೇಸ್ವಾಮಿ. ಹುಟ್ಟಿದ ಸ್ಥಳ ಎನ್ನುವ ಕಡೆ ಪೆನ್ನು ನಿಲ್ಲಿಸಿ, "ಸತ್ಯಮಂಗಲ ಅಂತ ಬರ್ಕತೀನಿ ಬುಡಿ ಮುತ್ತಣ್ಣ. ಯಾರ್ ಬಂದು ನೋಡಾರು?" ಎಂದರು.

"ಬ್ಯಾಡಿ ಮೇಷ್ಟ್ರೆ" ಎಂದರು ಇವರು. ಅಷ್ಟು ಹೊತ್ತಿಗೆ ನಮ್ಮೂರಿನ ಕನ್ನಡ ಇವರ ನಾಲಿಗೆಗೆ ಬಂದಿತ್ತು. "ನಮ್ಮಮ್ಮ ನನ್ನ ಹೆತ್ತದ್ದು ಬದುಳ್ಳದಲ್ಲಿ. ಅವ್ಳು ಈಗ ಇಲ್ಲ. ಇಲ್ದೋರ ಬಗ್ಗೆ ಸುಳ್ಳು ಬರೀಬಾರ್ದು."

ಮೇಷ್ಟ್ರು ಬದುಳ್ಳ ಎಂದೇ ಬರೆದುಕೊಂಡರು. ಅವರು ಹೋದಮೇಲೆ ಇವರು ಆ ಹಳೆಯ ಚೀಟಿಯನ್ನು ಟ್ರಂಕಿನಿಂದ ತೆಗೆದು, "ನಾಲ್ಕು ವರ್ಷ ಆಯ್ತು. ನಾವೇ ಹೋಗಿ ಕೇಳಿ ಬರೋಣ" ಎಂದರು. ಇದನ್ನು ತಾವು ದಯವಿಟ್ಟು ಗಮನಿಸಬೇಕು. ತಮ್ಮ ಇಲಾಖೆ ಇವರನ್ನು ಹುಡುಕಿ ಹಿಡಿಯಲಿಲ್ಲ. ಇವರೇ ನಡೆದು ಬಂದು ತಮ್ಮ ಬೆಂಚಿನ ಮೇಲೆ ಕೂತರು. ಮೇಷ್ಟ್ರು ಹೇಳಿದಂತೆ ಒಂದು ಸುಳ್ಳು ಬರೆಸಿದ್ದರೆ ಈ ಹೊತ್ತಿಗೆ ರೇಷನ್ ಕಾರ್ಡಿನಲ್ಲಿ ಹೆಸರು, ಮತದಾರರ ಪಟ್ಟಿಯಲ್ಲಿ ಹೆಸರು, ಎಲ್ಲ ಆಗಿ, ಕಳೆದ ಚುನಾವಣೆಯಲ್ಲಿ ಬೆರಳಿಗೆ ಮಸಿಯೂ ಬಿದ್ದಿರುತ್ತಿತ್ತು. ನಿಜ ಹೇಳುವವರಿಗೆ ಈ ದೇಶದಲ್ಲಿ ಯಾವ ಕೌಂಟರು ಎಂದು ತಾವಾದರೂ ಒಂದು ಬೋರ್ಡು ಹಾಕಿಸಬಾರದೇ?

ಬೆಂಚಿನ ಮೇಲೆ ಕೂತ ಮೊದಲ ದಿನವೇ ಗುಮಾಸ್ತರು ಕಡತ ಇಲ್ಲವೆಂದರು. ನಡುವೆ ನಮ್ಮ ಜಿಲ್ಲೆ ಒಡೆದು ಎರಡಾಗಿತ್ತು. ಹಳೆಯ ಕಚೇರಿಗೆ ಹೋಗಿ ಎಂದರು. ಅಲ್ಲಿಗೆ ಹೋದರೆ, ನಿಮ್ಮ ತಾಲ್ಲೂಕು ಹೊಸ ಜಿಲ್ಲೆಗೆ ಹೋಯಿತು, ಅದರ ಜೊತೆ ಕಡತವೂ ಹೋಯಿತು ಎಂದರು. ನಾವು ಇದ್ದಲ್ಲೇ ಇದ್ದೆವು. ಊರೂ ಇದ್ದಲ್ಲೇ ಇತ್ತು. ಹೊರಟು ಹೋದದ್ದು ಕಡತ ಒಂದೇ. ವೀಸಾ ಮುಗಿದ ಮೇಲೂ ಎಲ್ಲೋ ತಲೆಮರೆಸಿಕೊಂಡಿರುವವರನ್ನು ತಾವು ಹಿಡಿಯಬೇಕೆಂದಿದ್ದರೆ ಮೊದಲು ಆ ಕಡತವನ್ನು ಹಿಡಿಯಿರಿ.

ಮುದ್ರೆ ಇದ್ದ ಚೀಟಿ ತೋರಿಸಿದೆವು. ಇದು ಅರ್ಜಿ ಬಂದದ್ದಕ್ಕೆ ಗುರುತು, ಇರಲು ಅನುಮತಿ ಅಲ್ಲ ಎಂದರು. ಹೊಸ ಅರ್ಜಿ ಕೊಟ್ಟೆವು. ಪಾಸ್‌ಪೋರ್ಟಿನ ಅವಧಿ ಮುಗಿದಿದೆ, ಹೊಸದು ತನ್ನಿ ಎಂದರು. ಇವರ ದೇಶದ ರಾಯಭಾರ ಕಚೇರಿಗೆ ಹೋದರೆ, ನೀನು ಭಾರತದಲ್ಲಿ ಸಕ್ರಮವಾಗಿ ಇದ್ದೀಯೆಂದು ಕಾಗದ ತಾ, ಆಮೇಲೆ ಪಾಸ್‌ಪೋರ್ಟ್ ಎಂದರು. ತಮ್ಮ ಕಚೇರಿಗೆ ವಾಪಸು ಬಂದರೆ, ಪಾಸ್‌ಪೋರ್ಟ್ ತಾ, ಆಮೇಲೆ ಆ ಕಾಗದ ಎಂದರು. ನಮ್ಮ ಬೆಟ್ಟದಿಂದ ಕೆಳಗಿಳಿಯುವ ದಿಂಬಂ ಘಾಟಿಯಲ್ಲಿ ಇಪ್ಪತ್ತೇಳು ತಿರುವುಗಳಿವೆ. ಆದರೂ ಆ ರಸ್ತೆಯ ಮೇಲೆ ನನಗೆ ಗೌರವವಿದೆ, ಎಷ್ಟು ಸುತ್ತಿದರೂ ಕೊನೆಗೆ ಒಂದು ಊರಿಗೆ ತಲುಪಿಸುತ್ತದೆ.

ಮೂರನೆಯ ಅರ್ಜಿಯ ಹೊತ್ತಿಗೆ ತಮ್ಮ ಗುಮಾಸ್ತರೊಬ್ಬರಿಗೆ ನಮ್ಮ ಮೇಲೆ ಕನಿಕರ ಹುಟ್ಟಿತು. ಕುರ್ಚಿ ಹಿಂದಕ್ಕೆ ತಳ್ಳಿ, "ನಿಮ್ಮ ಯಜಮಾನರು ಹೆಂಗಸಾಗಿದ್ದಿದ್ದರೆ ಸುಲಭ ಇತ್ತಮ್ಮಾ" ಎಂದರು. ಪಕ್ಕದ ಮೇಜಿನವರು ನಕ್ಕರು. ನಾನು ತಮಾಷೆ ಎಂದುಕೊಂಡೆ. ಗೋಬಿ ಪಟ್ಟಣದ ಒಬ್ಬ ವಕೀಲರ ಹತ್ತಿರ ಹೋಗಿ ಕೇಳಿದಾಗ ಅವರು ಪುಸ್ತಕ ತೆಗೆದು ಓದಿಸಿದರು. ತಮಾಷೆಯಾಗಿರಲಿಲ್ಲ. ಭಾರತದ ಪ್ರಜೆಯನ್ನು ಮದುವೆಯಾದ ಪರದೇಶದ ಹೆಂಗಸು ನೋಂದಣಿ ಮಾಡಿಸಿಕೊಂಡು ಇಲ್ಲಿನ ಪ್ರಜೆಯಾಗಲು ದಾರಿ ಇದೆ. ಭಾರತದ ಪ್ರಜೆಯನ್ನು ಮದುವೆಯಾದ ಪರದೇಶದ ಗಂಡಸಿಗೆ ಆ ದಾರಿ ಇಲ್ಲ. ನಮ್ಮೂರಿನ ಯಾವನಾದರೂ ಸಿಲೋನಿನ ಹೆಣ್ಣು ತಂದರೆ ಅವಳು ನಮ್ಮವಳು. ನಾನು ಸಿಲೋನಿನ ಗಂಡು ತಂದರೆ ಅವನು ಅನ್ಯ, ನಾನು ತಲೆಕೆಟ್ಟವಳು.

ಈ ಕಾನೂನು ಬರೆದವರು ಯಾವ ಮನೆಯಲ್ಲಿ ಹುಟ್ಟಿ ಬೆಳೆದರೋ ನನಗೆ ತಿಳಿಯದು. ಹೆಣ್ಣು ಯಾವತ್ತೂ ಗಂಡನ ಹಿಂದೆ ಮೂಟೆ ಹೊತ್ತು ಹೋಗುವವಳು, ಹೆಣ್ಣಿನ ಹಿಂದೆ ಬರುವ ಗಂಡಸು ಎಂಬ ಪ್ರಾಣಿ ಇರುವುದೇ ಇಲ್ಲ ಎಂದು ಅವರು ತೀರ್ಮಾನಿಸಿದ್ದರು. ನನ್ನ ಹೆಸರಿನಲ್ಲಿ ಹೊಲದ ಪಟ್ಟಾ ಇದೆ. ನನ್ನ ಹೆಸರಿನಲ್ಲಿ ಕಂದಾಯ ಕಟ್ಟುತ್ತೇನೆ. ಅಪ್ಪನಿಗೆ ಮಗನಿಲ್ಲದ ಕಾರಣ ಅವನ ಬಾಯಿಗೆ ಕೊನೆಯ ನೀರು ಬಿಟ್ಟವಳೂ ನಾನೇ. ಆ ದಿನ ಅಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವರು ಈ ಅನ್ಯದೇಶೀಯರು. ಕಂದಾಯ ತೆಗೆದುಕೊಳ್ಳುವಾಗ ನಾನು ಪೂರ್ತಿ ಪ್ರಜೆ, ಗಂಡನನ್ನು ಇಟ್ಟುಕೊಳ್ಳುವಾಗ ಅರ್ಧ ಪ್ರಜೆ. ಇದನ್ನು ಯಾವ ಶಾಲೆಯ ಮಕ್ಕಳಿಗೆ ಪೌರನೀತಿ ಎಂದು ಕಲಿಸುತ್ತೀರಿ? ತರಬೇತಿ ಪಡೆದ ಶಿಕ್ಷಕಿಯಾಗಿ ಕೇಳುತ್ತಿದ್ದೇನೆ.

ಕಾನೂನು ತಮ್ಮ ಕೈಯಲ್ಲಿಲ್ಲ, ಒಪ್ಪುತ್ತೇನೆ. ಅದನ್ನು ತಿದ್ದಿ ಎಂದು ತಮ್ಮನ್ನು ಕೇಳುವುದಿಲ್ಲ. ಆದರೆ ಪ್ರಜೆಯಾಗದಿದ್ದರೂ ವರ್ಷ ವರ್ಷಕ್ಕೆ ಇರಲು ಪರವಾನಗಿ ಕೊಡುವುದು ತಮ್ಮ ಕೈಯಲ್ಲಿದೆ ಎಂದು ವಕೀಲರೇ ಹೇಳಿದರು. ಹಾಗೆಂದು ಮತ್ತೆ ಅರ್ಜಿ ಬರೆದೆ. ಆ ಅರ್ಜಿ ತಮ್ಮ ಕಚೇರಿಯ ಯಾವುದೋ ಮೇಜಿನ ಮೇಲೆ ಕೂತಿರುವಾಗಲೇ ಎಂಬತ್ತಮೂರರ ಜುಲೈ ಬಂತು. ಸಿಲೋನಿನಲ್ಲಿ ತಮಿಳರ ಮನೆಗಳು ಸುಟ್ಟುಹೋದವು. ಆ ವಾರವೆಲ್ಲ ಇವರು ರೇಡಿಯೋ ಕಿವಿಗೆ ಒತ್ತಿಕೊಂಡು ಎಂಜಿನ್ ಮನೆಯಲ್ಲಿ ಕೂತಿದ್ದರು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಅಲ್ಲಿದ್ದ ಅಪ್ಪನ, ಒಬ್ಬನೇ ತಮ್ಮನ ಸುದ್ದಿ ಎಂಟು ತಿಂಗಳು ತಿಳಿಯಲಿಲ್ಲ. ಆಮೇಲೆ ಮಂಡಪಂ ನಿರಾಶ್ರಿತರ ಶಿಬಿರದಿಂದ ಒಂದು ಕಾರ್ಡು ಬಂತು. ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಮೀನುಗಾರರ ದೋಣಿಯಲ್ಲಿ ಬಂದು ಮುಟ್ಟಿದ್ದೇನೆ ಎಂದು ಬರೆದಿದ್ದ.

ನಾವು ಹೋಗಿ ನೋಡಿದೆವು. ಅಣ್ಣ ತಮ್ಮ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡರು. ಅಪ್ಪ ಏನಾದರು ಎಂದು ಇವರು ಕೇಳಿದರು. ತಮ್ಮ ತಲೆ ಅಲ್ಲಾಡಿಸಿದ. ತೋಟದ ಕೂಲಿಗಳ ಲೈನ್ ಮನೆಗೆ ಬೆಂಕಿ ಹಚ್ಚಿದಾಗ ಮುದುಕ ಒಳಗೇ ಇದ್ದನಂತೆ. ಇವರು ಸಮುದ್ರದ ಕಡೆಗೆ ಮುಖ ಮಾಡಿ ನಿಂತರು. ನನ್ನ ಮಗಳು "ಅಪ್ಪಾ ಯಾಕೆ ಅಳ್ತಾದೆ?" ಎಂದು ನನ್ನ ಸೆರಗು ಜಗ್ಗಿದಳು. ನಾನು ಅವಳನ್ನು ಎತ್ತಿಕೊಂಡೆ.

ಮೈದುನನಿಗೆ ಶಿಬಿರದಲ್ಲಿ ಗುರುತಿನ ಕಾರ್ಡು ಕೊಟ್ಟಿದ್ದಾರೆ. ಅಕ್ಕಿ ಕೊಡುತ್ತಾರೆ. ಹೊರಗೆ ಹೋಗು ಎಂದು ಯಾರೂ ಹೇಳುವುದಿಲ್ಲ. ಕೊಟ್ಟವರಿಗೆ ನಾನು ಎರಡೂ ಕೈ ಎತ್ತಿ ಮುಗಿಯುತ್ತೇನೆ. ಅದರಲ್ಲಿ ನನ್ನ ಕುಹಕವಿಲ್ಲ. ನನ್ನ ಕುಹಕವೆಲ್ಲ ತಮಗಾಗಿ ಇಟ್ಟುಕೊಂಡಿದ್ದೇನೆ. ಏಕೆಂದರೆ ಊರಿಗೆ ಬಂದು ತಮ್ಮ ಕಚೇರಿಯಲ್ಲಿ, ತಮ್ಮನಿಗೆ ಕೊಟ್ಟದ್ದನ್ನು ಅಣ್ಣನಿಗೂ ಕೊಡಿ ಎಂದು ಕೇಳಿದೆ. ಅದೇ ಕನಿಕರದ ಗುಮಾಸ್ತರು ಹೇಳಿದರು: "ಅದು ಆಗಲ್ಲಮ್ಮಾ. ಅವರು ಏನೂ ಇಲ್ಲದೆ ಬಂದವರು, ನಿರಾಶ್ರಿತರು. ಇವರು ಪಾಸ್‌ಪೋರ್ಟ್, ವೀಸಾ, ಟಿಕೆಟ್ ಎಲ್ಲ ಇಟ್ಟುಕೊಂಡು ಬಂದವರು. ಇವರು ಅವಧಿ ಮೀರಿ ಉಳಿದವರು, ಓವರ್‌ಸ್ಟೇ." ಆಮೇಲೆ ದನಿ ತಗ್ಗಿಸಿ, "ಒಂದು ಸಲ ವಾಪಸು ಹೋಗಿ ದೋಣಿಯಲ್ಲಿ ಬಂದುಬಿಟ್ಟರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ಅಂದರೆ, ಮಾನ್ಯರೇ, ನನ್ನ ಗಂಡನ ಅಪರಾಧ ಟಿಕೆಟ್ ಕೊಂಡು ಬಂದದ್ದು. ಹಡಗಿನ ಮೆಟ್ಟಿಲು ಇಳಿಯುವಾಗ ಸಾಲಿನಲ್ಲಿ ನಿಂತದ್ದು. ಕೇಳಿದ ಕಡೆ ಸಹಿ ಹಾಕಿದ್ದು. ಪಾಸ್‌ಪೋರ್ಟನ್ನು ಸಮುದ್ರಕ್ಕೆ ಎಸೆದು ಒದ್ದೆ ಬಟ್ಟೆಯಲ್ಲಿ ದಡಕ್ಕೆ ಬಿದ್ದಿದ್ದರೆ ಅವರಿಗೂ ಒಂದು ಕಾರ್ಡು ಸಿಗುತ್ತಿತ್ತು. ಸಿಲೋನಿನಲ್ಲಿ ಅಪ್ಪನನ್ನು ಸುಟ್ಟ ಬೆಂಕಿ ತಮ್ಮನನ್ನು ಮಾತ್ರ ಅನಾಥನನ್ನಾಗಿ ಮಾಡಿತು, ಅಣ್ಣನನ್ನು ಮಾಡಲಿಲ್ಲ ಎನ್ನುತ್ತದೆ ತಮ್ಮ ಲೆಕ್ಕ. ಒಬ್ಬನೇ ಅಪ್ಪ, ಒಂದೇ ಬೆಂಕಿ. ಇದನ್ನು ತಾವು ಯಾವ ನಿಯಮದ ಯಾವ ಉಪನಿಯಮದಿಂದ ಭಾಗಿಸಿದಿರಿ?

ಈ ಮಾರ್ಚಿನಲ್ಲಿ ನೋಟೀಸು ಬಂತು. ಎಂಟು ವರ್ಷದಲ್ಲಿ ತಮ್ಮ ಇಲಾಖೆಯಿಂದ ನಮಗೆ ಬಂದ ಮೊದಲ ಉತ್ತರ. ಏಪ್ರಿಲ್ ಹದಿನಾರರ ಬೆಳಗ್ಗೆ ಎಂಟು ಗಂಟೆಗೆ ಇಬ್ಬರು ಕಾನ್‌ಸ್ಟೇಬಲ್‌ಗಳು ಜೀಪಿನಲ್ಲಿ ಬಂದು, ಇವರನ್ನು ತಮ್ಮ ಮುಂದೆ ಹಾಜರುಪಡಿಸಬೇಕು, ಹೊರಡಿ ಎಂದರು. ನಾನೂ ಬರುತ್ತೇನೆ ಎಂದು ಮಗಳನ್ನು ಎತ್ತಿಕೊಂಡು ಹಿಂದೆ ಹತ್ತಿ ಕೂತೆ. ಬೇಡವೆನ್ನಲು ಅವರಿಗೆ ಧೈರ್ಯವಾಗಲಿಲ್ಲ. ದಿಂಬಂ ಘಾಟಿಯ ಒಂಬತ್ತನೆಯ ತಿರುವಿನಲ್ಲಿ ಜೀಪು ಕೆಮ್ಮಿ ನಿಂತಿತು. ಡ್ರೈವರ್ ಆಗಿದ್ದ ಕಾನ್‌ಸ್ಟೇಬಲ್ ಮುಚ್ಚಳ ಎತ್ತಿ ನೋಡಿ, ಮತ್ತೆ ಮುಚ್ಚಿ, ಮತ್ತೆ ಎತ್ತಿ ನೋಡಿದರು. ಒಂದು ಬಸ್ಸು ನಿಲ್ಲಿಸದೆ ಹೋಯಿತು. ಬಿಸಿಲು ಏರಿತು. ಕೆಳಗೆ ಆನೆ ಬಿದಿರು ಮುರಿಯುತ್ತಿರುವ ಸದ್ದು ಕೇಳಿಸತೊಡಗಿತು. ಇಬ್ಬರು ಪೊಲೀಸರೂ ಜೀಪಿನೊಳಗೆ ಹತ್ತಿ ಕೂತರು.

ಆಗ ಇವರ ಕಡೆ ತಿರುಗಿ ದೊಡ್ಡ ಕಾನ್‌ಸ್ಟೇಬಲ್ ಕೇಳಿದರು: "ಏನಣ್ಣಾ, ನೀನು ಎಂಜಿನ್ ಕೆಲಸದವನಂತಲ್ಲ?"

"ಹೌದು ಅಯ್ಯಾ. ನೀವು ಕೇಳಲಿ ಅಂತ ಕೂತಿದ್ದೆ. ಕೇಳದೆ ಸರ್ಕಾರಿ ಗಾಡಿ ಮುಟ್ಟಿದರೆ ಅದೂ ಒಂದು ಕೇಸಾಗುತ್ತೆ" ಎಂದು ಇಳಿದರು.

ಎಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಪಂಪಿನೊಳಗಿನ ರಬ್ಬರ್ ಪರದೆ ಹರಿದಿತ್ತು. ಇವರು ಸುತ್ತ ನೋಡಿ, "ಆ ಮಳೆಕೋಟು ಹಳೇದಾ?" ಎಂದರು. ಕಾನ್‌ಸ್ಟೇಬಲ್ ಮುಖ ಸಪ್ಪೆ ಮಾಡಿಕೊಂಡು ಕೋಟು ಕೊಟ್ಟರು. ಅದರ ಅಂಚಿನಿಂದ ಅಂಗೈಯಗಲ ತುಂಡು ಕತ್ತರಿಸಿ ಎರಡು ಮಡಿಕೆ ಮಾಡಿ ಕೂರಿಸಿದರು. ಮುಕ್ಕಾಲು ಗಂಟೆಯಲ್ಲಿ ಜೀಪು ಹೊರಟಿತು. ಆ ಮುಕ್ಕಾಲು ಗಂಟೆಯಲ್ಲಿ ಪೊಲೀಸರಿಬ್ಬರೂ ಒಳಗೆ ಕೂತು ಕಾಡಿನ ಕಡೆ ನೋಡುತ್ತಿದ್ದರು, ಕೈದಿ ರಸ್ತೆಯಲ್ಲಿ ಸ್ಪ್ಯಾನರು ಹಿಡಿದು ನಿಂತಿದ್ದರು. ಓಡಿಹೋಗಬೇಕೆಂದಿದ್ದರೆ ಇಪ್ಪತ್ತು ಹೆಜ್ಜೆ ಸಾಕಾಗಿತ್ತು. ತಮ್ಮ ಕಡತದಲ್ಲಿ "ಪೊಲೀಸ್ ಕಾವಲಿನಲ್ಲಿ ಹಾಜರುಪಡಿಸಲಾಯಿತು" ಎಂದು ಬರೆದಿದೆ. ಯಾರು ಯಾರನ್ನು ಹಾಜರುಪಡಿಸಿದರು ಎಂಬುದನ್ನು ಆ ಕಾನ್‌ಸ್ಟೇಬಲರ ಮಳೆಕೋಟನ್ನು ತರಿಸಿ ನೋಡಿ ತಿಳಿದುಕೊಳ್ಳಬಹುದು.

ತಮ್ಮ ಮುಂದೆ ನಡೆದದ್ದು ತಮಗೆ ನೆನಪಿರಲಾರದು, ಐದು ನಿಮಿಷದ ಕೆಲಸ. ನನಗೆ ಒಂದೊಂದು ಮಾತೂ ನೆನಪಿದೆ.

"ಎಂಟು ವರ್ಷ ಕಳ್ಳತನದಲ್ಲಿ ಇದ್ದೀಯ. ಯಾವ ದಾರಿಯಲ್ಲಿ ಬಂದೆಯೋ ಅದೇ ದಾರಿಯಲ್ಲಿ ಹೊರಡು" ಎಂದಿರಿ.

"ಅಯ್ಯಾ, ಆ ಹಡಗು ಈಗ ಓಡುತ್ತಿಲ್ಲ" ಎಂದರು ಇವರು.

"ವಿಮಾನದಲ್ಲಿ ಹೋಗು."

"ಪಾಸ್‌ಪೋರ್ಟ್ ಇಲ್ಲದೆ ಹತ್ತಿಸಿಕೊಳ್ಳೋದಿಲ್ಲ ಅಯ್ಯಾ."

ತಾವು ಫ್ಯಾನಿನ ಕಡೆ ನೋಡಿ "ಅದು ನಿನ್ನ ಸಮಸ್ಯೆ" ಎಂದಿರಿ.

ಆಗ ನಾನು ಕೇಳಿದೆ: "ಇವರು ಅಲ್ಲಿಗೆ ಹೋದರೆ ಜೀವಂತ ಇರುತ್ತಾರೆ ಅಂತ ಒಂದು ಚೀಟಿಯಲ್ಲಿ ಬರೆದುಕೊಡ್ತೀರಾ?"

"ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದಿರಿ. ಆಮೇಲೆ ನನ್ನ ಮಗಳು ಮೇಜಿನ ಕಾಗದಗಳ ಮೇಲಿದ್ದ ಗಾಜಿನ ಗುಂಡನ್ನು ಮುಟ್ಟಲು ಕೈ ಚಾಚಿದ್ದನ್ನು ನೋಡಿ, ಅದನ್ನು ಮೆಲ್ಲಗೆ ಅವಳ ಕಡೆ ಸರಿಸಿದಿರಿ. ಅರವತ್ತು ದಿನ ಎಂದು ಬರೆದಿರಿ. ಆ ಗಾಜಿನ ಗುಂಡಿಗಾಗಿಯೇ ನಾನು ಈ ಪತ್ರ ಬರೆಯುತ್ತಿದ್ದೇನೆ. ತಾವು ಪೂರ್ತಿ ಕಲ್ಲಾಗಿದ್ದರೆ ನನ್ನ ಶಾಯಿ ದಂಡ ಎಂದು ಸುಮ್ಮನಿರುತ್ತಿದ್ದೆ.

ಆ ದಿನದಿಂದ ಇವರು ಮನೆಯಲ್ಲಿ ಜಗಳವಾಡುವುದಿಲ್ಲ, ಅಳುವುದಿಲ್ಲ. ದಿನಾ ಬೆಳಗ್ಗೆ ನನ್ನನ್ನು ಎಂಜಿನ್ ಮನೆಗೆ ಕರೆದುಕೊಂಡು ಹೋಗಿ ಬಿಚ್ಚುವುದು ಜೋಡಿಸುವುದು ಕಲಿಸುತ್ತಿದ್ದಾರೆ. "ನಾನು ಇಲ್ದಾಗ ಯಾರನ್ನೂ ಕೇಳ್ಬಾರ್ದು ನೀನು" ಎನ್ನುತ್ತಾರೆ. ನಾನು ಹದಿನೈದೇ ದಿನದಲ್ಲಿ ಕಲಿತೆ. ಆದರೆ ಕೊನೆಯ ಬೋಲ್ಟು ಹಾಕುವಾಗ ಬೇಕೆಂದೇ ತಪ್ಪು ಮಾಡುತ್ತೇನೆ. ಮತ್ತೆ ಮೊದಲಿಂದ ಹೇಳಿಕೊಡುತ್ತಾರೆ. ನಾನು ತಪ್ಪು ಮಾಡುತ್ತಿರುವುದು ಬೇಕೆಂದೇ ಎಂದು ಅವರಿಗೆ ಗೊತ್ತಿದೆ. ಗೊತ್ತಿದೆ ಎಂದು ನನಗೂ ಗೊತ್ತಿದೆ.

ಕೊನೆಯದಾಗಿ ನನ್ನ ಬೇಡಿಕೆ. ಜೂನ್ ಹದಿನೈದು ಶನಿವಾರ. ಅಂದು ನಾವು ಮೂವರೂ ತಮ್ಮ ಕಚೇರಿಗೆ ಬರುತ್ತೇವೆ. ಜೀಪು ಕಳಿಸುವ ತೊಂದರೆ ಬೇಡ, ಮೊದಲ ಬಸ್ಸಿಗೇ ಬರುತ್ತೇವೆ. ಪೆಟ್ಟಿಗೆ ತರುವುದಿಲ್ಲ. ತಮ್ಮ ಸಮಯ ಅಮೂಲ್ಯವಾದದ್ದರಿಂದ ತಾವು ಬರೆಯಬೇಕಾದ ಆದೇಶವನ್ನು ನಾನೇ ಬರೆದಿಟ್ಟಿದ್ದೇನೆ, ತಮಿಳಿನಲ್ಲೂ ಕನ್ನಡದಲ್ಲೂ: "ಮುತ್ತುಕರುಪ್ಪನ್ ದೊಡ್ಡಗಾಜನೂರಿನಲ್ಲಿ ಹೆಂಡತಿ ಮಗಳೊಡನೆ ವಾಸವಾಗಿರಬಹುದು." ಕನ್ನಡದಲ್ಲಿ ಐದು ಪದ, ಅಷ್ಟೇ. ಇದರಲ್ಲಿ ಯಾವ ಪದ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೋ ಅದರ ಕೆಳಗೆ ಗೆರೆ ಎಳೆದು, ನನ್ನ ಮಗಳ ಮುಖ ನೋಡಿಕೊಂಡು, ಏಕೆ ಎಂದು ಅವಳಿಗೇ ವಿವರಿಸಿರಿ. ಅವಳು ಒಂದನೆಯ ತರಗತಿಗೆ ಸೇರುತ್ತಿದ್ದಾಳೆ, ಎಲ್ಲದಕ್ಕೂ ಯಾಕೆ ಎಂದು ಕೇಳುವ ವಯಸ್ಸು. ವಿವರಿಸಲು ಆಗದಿದ್ದರೆ ಸಹಿ ಮಾಡಿರಿ. ಕೆಳಗೆ ಬೇಕಾದಷ್ಟು ಜಾಗ ಬಿಟ್ಟಿದ್ದೇನೆ.

ಇಂತಿ,
ತಮ್ಮ ವಿಧೇಯಳಾಗಿರಲು ಇನ್ನೂ ಪ್ರಯತ್ನಪಡುತ್ತಿರುವ

ಚನ್ನಮಲ್ಲಮ್ಮ
ದೊಡ್ಡಗಾಜನೂರು, ತಾಳವಾಡಿ
ಮೇ 1985